ಉಣಿಸು, ಬೆಳಕು, ರಕ್ಷೆ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಪುಣ್ಯಸಮಾರಂಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರಿಂದ ಅಪ್ಪಣೆಯಾದಾಗ, ಶಾಸ್ತ್ರಾರ್ಥವನ್ನು ತಿಳಿಸಲು ನನಗಿಂತ ಯೋಗ್ಯರಾದವರು ಈ ಸಭೆಯಲ್ಲಿಯೇ ಅನೇಕರಿರುವರೆಂದು ವಿಜ್ಞಾಪಿಸಿಕೊಂಡೆನು. ಹಾಗಾದರೆ ವಿಜ್ಞಾನದ ವಿಷಯವನ್ನೇ ತಿಳಿಯಾಗಿ ಹೇಳಬೇಕೆಂದು ಆಜ್ಞೆಯಾಯಿತು. ಆದುದರಿಂದ ಮೂರು ವಿಚಾರಗಳನ್ನು ಆರಿಸಿಕೊಂಡಿರುವೆನು. ಪ್ರಾಣಿಗಳು ಹೇಗೆ ಉಣ್ಣುತ್ತವೆ ಎಂಬುದು ಒಂದು. ಬೆಳಕು ಹೇಗೆ ವರ್ತಿಸುತ್ತದೆ ಎಂಬುದು ಇನ್ನೊಂದು. ದೇಹವು ತನ್ನನ್ನು ತಾನು ಹೇಗೆ ಕಾಯ್ದುಕೊಳ್ಳುತ್ತದೆ ಎಂಬುದು ಮತ್ತೊಂದು. ಮೊದಲನೆಯದು ಪ್ರಾಣಿಶಾಸ್ತ್ರಕ್ಕೂ, ಎರಡನೆಯದು ಭೌತಶಾಸ್ತ್ರದಲ್ಲಿ ಕ್ವಾಂಟಂ ಎಂದು ಕರೆಯುವ ಭಾಗಕ್ಕೂ, ಮೂರನೆಯದು ವೈದ್ಯಶಾಸ್ತ್ರಕ್ಕೂ ಸೇರಿದವು. ಮೇಲುನೋಟಕ್ಕೆ ಇವು ಮೂರು ದಿಕ್ಕಿಗೆ ಮುಖಮಾಡಿದ ಮೂರು ಶಾಸ್ತ್ರಗಳು. ಆದರೆ ಮಲೆನಾಡಿನ ಕಾಡಿನಲ್ಲಿ ಜ್ವರ ಹತ್ತಿದ ಒಬ್ಬ ಕೂಲಿಕಾರನ ಒಂದು ತೊಟ್ಟು ರಕ್ತವು ಮಣಿಪಾಲದ ಪ್ರಯೋಗಶಾಲೆಯನ್ನು ಸೇರಿದಾಗ, ಮೂರೂ ಶಾಸ್ತ್ರಗಳು ಆ ಒಂದೇ ತೊಟ್ಟಿನಲ್ಲಿ ಕೂಡುತ್ತವೆ. ಅವು ಹೇಗೆ ಕೂಡುತ್ತವೆ, ಕೂಡುವುದರಿಂದ ನಮಗೇನು ಕರ್ತವ್ಯವುಂಟಾಗುತ್ತದೆ ಎಂಬುದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವೆನು.

ಘಟ್ಟದ ಮೇಲಿನ ಭಕ್ತರಿಗೂ ಕೆಳಗಿನ ನಾಡಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ವೀರಶೈವರಾದ ಕೆಳದಿಯ ಅರಸರು, 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿಯುವ ತನಕ, ಮಲೆನಾಡಿನೊಡನೆ ಕರಾವಳಿಯನ್ನೂ ಆಳಿದವರು. ಅಂದು ಅಕ್ಕಿ, ಮೆಣಸು, ಉಪ್ಪುಗಳ ಹೇರು ಘಟ್ಟವನ್ನು ಹತ್ತಿ ಇಳಿಯುತ್ತಿದ್ದವು. ಇಂದು ಆಗುಂಬೆಯ ತಿರುವುಗಳನ್ನಿಳಿದು, ಸೋಮೇಶ್ವರ ಹೆಬ್ರಿಗಳನ್ನು ಹಾದು, ತೀರ್ಥಹಳ್ಳಿ ಸಾಗರಗಳ ರೋಗಿಗಳು ಮಣಿಪಾಲಕ್ಕೆ ಬರುತ್ತಾರೆ. ಆ ಮಣಿಪಾಲವಾದರೂ ಎಂತಹ ಸ್ಥಳ! ಮಣ್ಣುಪಳ್ಳವೆಂಬ ಕೆರೆಯಿಂದ ಹೆಸರು ಪಡೆದ, ಮುರಕಲ್ಲಿನ ಬೋಳು ಗುಡ್ಡ. ಆ ಗುಡ್ಡದ ಮೇಲೆ ಡಾಕ್ಟರ್ ತೋನ್ಸೆ ಮಾಧವ ಅನಂತ ಪೈಗಳು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಹುಲ್ಲು ಮಾತ್ರ ಬೆಳೆಯುತ್ತಿದ್ದ ನೆಲದಲ್ಲಿ ವಿದ್ಯೆ ಬೆಳೆಯಿತು. ಮನುಷ್ಯಪ್ರಯತ್ನಕ್ಕೆ ಅಸಾಧ್ಯವಾದುದು ವಿರಳವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವು ಬೇಕಾಗಿಲ್ಲ.

ಮೊದಲು ಉಣಿಸಿನ ಮಾತು. ಕಾರ್ಕಳದಿಂದ ಬಜಗೋಳಿಯನ್ನು ದಾಟಿ ಮಾಳದ ಕಡೆಗೆ ನಡೆದರೆ ಘಟ್ಟದ ಬುಡವು ಸಿಕ್ಕುತ್ತದೆ. ಅಲ್ಲಿಂದ ಮೇಲೆ ಕುದುರೆಮುಖದ ಮಹಾರಣ್ಯ. ಆ ಕಾಡಿನ ಅಂಚಿನಲ್ಲಿ ನಿಂತು ಒಂದು ಬೆಳಗಿನ ಹೊತ್ತು ಸುಮ್ಮನೆ ನೋಡಿದರೆ ಪ್ರಾಣಿಶಾಸ್ತ್ರದ ಒಂದು ಅಧ್ಯಾಯವೇ ಕಣ್ಣೆದುರಿಗೆ ತೆರೆದುಕೊಳ್ಳುತ್ತದೆ. ಕರಿಮೋರೆಯ ಮುಸುವವು ಎಲೆಯನ್ನು ತಿಂದು ಬಾಳುವ ಪ್ರಾಣಿ. ಎಲೆಯ ನಾರನ್ನು ಜೀರ್ಣಿಸಿಕೊಳ್ಳಲು ಅದರ ಹೊಟ್ಟೆಯು ಹಲವು ಅರೆಗಳುಳ್ಳದ್ದಾಗಿದೆ. ಅಲ್ಲಿ ಸೂಕ್ಷ್ಮಜೀವಿಗಳು ಎಲೆಯನ್ನು ಹುಳಿಯಿಸಿ ಅದಕ್ಕೆ ಆಹಾರವನ್ನು ಒದಗಿಸುತ್ತವೆ. ಕೆಂಪು ಮೋರೆಯ ಕೋಡಗವಾದರೋ ಹಣ್ಣು, ಕಾಳು, ಹುಳುಗಳನ್ನು ಅವಸರದಿಂದ ಕೆನ್ನೆಯ ಚೀಲಗಳಲ್ಲಿ ತುಂಬಿಕೊಂಡು, ನಿರ್ಭಯವಾದ ಕೊಂಬೆಯನ್ನು ಸೇರಿ, ನಿಧಾನವಾಗಿ ತಿನ್ನುತ್ತದೆ. ಸಂಜೆಗತ್ತಲಾದೊಡನೆ ಬಾವಲಿಗಳ ಸರದಿ. ಬಾವಲಿಯು ಹಣ್ಣನ್ನು ಕಚ್ಚಿ, ಜಗಿದು, ರಸವನ್ನು ಹೀರಿ, ಉಳಿದ ನಾರನ್ನು ಉಂಡೆ ಮಾಡಿ ಉಗುಳುತ್ತದೆ. ಬೀಜವನ್ನು ತಾಯಿಮರದಿಂದ ದೂರ ಒಯ್ದು ಬೀಳಿಸುತ್ತದೆ. ಹೀಗೆ ಬಿದ್ದ ಬೀಜಗಳಿಂದ ಎಷ್ಟು ಕಾಡು ಹುಟ್ಟಿರುವುದೋ ಲೆಕ್ಕವಿಟ್ಟವರಿಲ್ಲ. ತಿನ್ನುವ ಬಾಯಿಯೇ ಬಿತ್ತುವ ಕೈಯೂ ಆಗಿದೆ.

ಇವೆಲ್ಲಕ್ಕಿಂತ ಚಿಕ್ಕದಾದ ಇನ್ನೊಂದು ಬಾಯಿಯುಂಟು. ಅದು ಉಣ್ಣಿ; ಮಲೆನಾಡಿನವರು ಉಣುಗು ಎನ್ನುತ್ತಾರೆ. ಹೆಸರಿನಲ್ಲಿಯೇ ಉಣ್ಣುವ ಮಾತು ಕೇಳಿಸುವಂತಿದೆ. ಮೊಟ್ಟೆಯೊಡೆದು ಬಂದಾಗ ಅದಕ್ಕೆ ಆರು ಕಾಲು, ಆಮೇಲೆ ಎಂಟು. ಕಾಡಿನ ಈ ಜಾತಿಯ ಉಣ್ಣಿಯು ತನ್ನ ಬಾಳಿನಲ್ಲಿ ಉಣ್ಣುವುದು ಮೂರೇ ಸಲ: ಮರಿಯಾಗಿದ್ದಾಗ ಒಮ್ಮೆ, ನಡುಪ್ರಾಯದಲ್ಲಿ ಒಮ್ಮೆ, ಬೆಳೆದ ಮೇಲೆ ಒಮ್ಮೆ. ಒಂದೊಂದು ಊಟವೂ ಕೆಲವು ದಿನಗಳದು. ಒಂದೊಂದು ಊಟಕ್ಕೂ ಬೇರೆ ಬೇರೆ ಪ್ರಾಣಿಯ ಮೈ. ಉಂಡು ಕೆಳಗೆ ಬಿದ್ದು, ಪೊರೆ ಕಳಚಿ, ಮುಂದಿನ ಊಟಕ್ಕಾಗಿ ಹುಲ್ಲಿನ ತುದಿಯಲ್ಲಿ ಮುಂಗಾಲುಗಳನ್ನು ಚಾಚಿಕೊಂಡು ಕಾದಿರುತ್ತದೆ. ಪ್ರಾಣಿಯ ಉಸಿರಿನಲ್ಲಿರುವ ಇಂಗಾಲಾಮ್ಲ ವಾಯುವನ್ನು ಆ ಮುಂಗಾಲುಗಳಿಂದಲೇ ಅರಿತು ಅಂಟಿಕೊಳ್ಳುತ್ತದೆ. ಕಚ್ಚಿದ್ದು ತಿಳಿಯುವುದಿಲ್ಲ, ಏಕೆಂದರೆ ಅದರ ಜೊಲ್ಲಿನಲ್ಲಿ ನೋವು ನವೆಗಳನ್ನಡಗಿಸುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ, ನಮ್ಮ ದೇಹದ ಕಾವಲುಗಾರರನ್ನು ಕೆಲಹೊತ್ತು ಮಂಕುಗೊಳಿಸುವ ದ್ರವ್ಯಗಳಿವೆ. ಕಳ್ಳನು ನಾಯಿಗೆ ಮೊದಲು ರೊಟ್ಟಿಯನ್ನೆಸೆದು ಆಮೇಲೆ ಮನೆಯನ್ನು ಹೊಕ್ಕಂತೆ.

ಈ ಉಣ್ಣಿಯ ಊಟದ ಕ್ರಮದಿಂದಲೇ ನಮ್ಮ ನಾಡಿಗೆ ಒಂದು ಕಂಟಕವು ಬಂದಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬಿದ್ದವು. ಸುತ್ತಣ ಹಳ್ಳಿಗಳ ಜನರೂ ಜ್ವರದಿಂದ ಮಲಗಿದರು. ಪುಣೆಯ ವೈರಾಣು ಸಂಶೋಧನ ಕೇಂದ್ರದವರು ಬಂದು ಪರೀಕ್ಷಿಸಿ, ಅದುವರೆಗೆ ಯಾರೂ ಅರಿಯದಿದ್ದ ಒಂದು ವೈರಾಣುವನ್ನು ಕಂಡುಹಿಡಿದರು. ಲೋಕದ ವೈದ್ಯಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರು ಹೀಗೆ ಸೇರಿತು. ನಮ್ಮವರು ಮಂಗನ ಕಾಯಿಲೆಯೆಂದು ಕರೆದರು. ಮಂಗನು ಇದರಲ್ಲಿ ಅಪರಾಧಿಯಲ್ಲ, ನಮ್ಮಂತೆಯೇ ರೋಗಿ. ಮುಸುವವೂ ಕೋಡಗವೂ ಎರಡೂ ಇದರಿಂದ ಸಾಯುತ್ತವೆ. ಮಂಗವು ಸತ್ತೊಡನೆ ಅದರ ಮೈಮೇಲಿನ ಉಣ್ಣಿಗಳು ಇಳಿದು ಆ ನೆಲದಲ್ಲೆಲ್ಲ ಹರಡುತ್ತವೆ. ದೊಡ್ಡ ಉಣ್ಣಿಗಳನ್ನು ಕಾಡಿನಲ್ಲಿ ಮೇಯುವ ದನಗಳು ಹೊತ್ತು ತಿರುಗಿ ಅವುಗಳ ಸಂತತಿಯನ್ನು ಹೆಚ್ಚಿಸುತ್ತವೆ. ದನಗಳಿಗೆ ಮಾತ್ರ ಕಾಯಿಲೆಯಾಗದು. ಮನುಷ್ಯನನ್ನು ಬಹುಮಟ್ಟಿಗೆ ಕಚ್ಚುವುದು ನಡುಪ್ರಾಯದ ಉಣ್ಣಿ. ಅದು ಹೆಚ್ಚಾಗುವುದು ಚಳಿಗಾಲದಿಂದ ಬೇಸಗೆಯ ತನಕ. ಕೊಟ್ಟಿಗೆಗೂ ತೋಟಕ್ಕೂ ತರಗೆಲೆಯನ್ನು ಗುಡಿಸಿ ತರಲು ಜನರು ಕಾಡಿಗೆ ಹೋಗುವುದೂ ಅದೇ ಕಾಲದಲ್ಲಿ. ರೋಗ ಹತ್ತಿದ 100 ಮಂದಿಯಲ್ಲಿ 3ರಿಂದ 5 ಮಂದಿ ಮರಣ ಹೊಂದುತ್ತಾರೆ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ರೋಗವು ಪ್ರಬಲವಾಗಿ ಎದ್ದಾಗ ಅನೇಕ ರೋಗಿಗಳನ್ನು ಮಣಿಪಾಲಕ್ಕೆ ಕರೆತರಲಾಯಿತು. 2019ರ ಆರಂಭದಲ್ಲಿ ಉಡುಪಿ ಜಿಲ್ಲೆಯ ಕಾಡಂಚಿನಲ್ಲಿಯೂ ಸತ್ತ ಮಂಗಗಳು ಕಂಡುಬಂದು ಪರೀಕ್ಷೆಗೆ ಹೋದವು.

ಬಾವಲಿಯ ಊಟದಿಂದಲೂ ಇಂತಹದೊಂದು ಕಥೆ ಹುಟ್ಟಿದೆ. 1998ರಲ್ಲಿ ಮಲೇಶಿಯದಲ್ಲಿ ಹಂದಿಯ ದೊಡ್ಡಿಗಳ ಪಕ್ಕದಲ್ಲಿಯೇ ಹಣ್ಣಿನ ಮರಗಳನ್ನು ಬೆಳೆಸಿದ್ದರು. ಬಾವಲಿಯು ಕಚ್ಚಿದ ಹಣ್ಣು ದೊಡ್ಡಿಯೊಳಗೆ ಬಿದ್ದಿತು. ಹಂದಿ ಅದನ್ನು ತಿಂದಿತು. ಹಂದಿಯಿಂದ ಮನುಷ್ಯನಿಗೆ ನಿಪಾ ಎಂಬ ಘೋರ ರೋಗವು ಬಂದಿತು. ಬಂಗ್ಲಾದೇಶದಲ್ಲಿ ಈಚಲ ಜಾತಿಯ ಮರಕ್ಕೆ ಕಟ್ಟಿದ ಮಡಕೆಯ ರಸವನ್ನು ರಾತ್ರಿ ಬಾವಲಿ ನೆಕ್ಕಿತು. ಬೆಳಗಾಗುತ್ತಲೇ ಆ ಹಸಿರಸವನ್ನು ಮನುಷ್ಯನು ಕುಡಿದನು. 2018ರ ಮೇ ತಿಂಗಳಿನಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಒಂದೇ ಮನೆಯವರು ಒಬ್ಬರ ಹಿಂದೊಬ್ಬರಂತೆ ಜ್ವರದಿಂದ ಬಿದ್ದಾಗ, ಅಲ್ಲಿಯ ವೈದ್ಯರು ಸಂಶಯಗೊಂಡು ಮಾದರಿಗಳನ್ನು ಮಣಿಪಾಲದ ವೈರಾಣು ಸಂಶೋಧನ ಕೇಂದ್ರಕ್ಕೆ ಕಳುಹಿದರು. ಇದು ನಿಪಾ ಎಂದು ಮೊದಲು ಗುರುತಿಸಿದವರು ಮಣಿಪಾಲದವರು. ಪುಣೆಯವರು ಅದನ್ನು ದೃಢಪಡಿಸಿದರು. 17 ಮಂದಿ ತೀರಿಕೊಂಡರು. ರೋಗಿಯ ಶುಶ್ರೂಷೆ ಮಾಡುತ್ತಲೇ ರೋಗವನ್ನು ಪಡೆದು ಪ್ರಾಣಬಿಟ್ಟ ಪೇರಾಂಬ್ರದ ದಾದಿ ಲಿನಿ ಎಂಬ ತಾಯಿಯೂ ಅವರಲ್ಲಿ ಒಬ್ಬರು. ಕಾಯಕವೆಂಬ ಮಾತಿಗೆ ಅರ್ಥವನ್ನು ಕೇಳುವವರಿಗೆ ಆಕೆಯ ಹೆಸರನ್ನು ಹೇಳಿದರೆ ಸಾಕು. ಆದರೆ ರೋಗದ ಮೂಲವು ಬೇಗನೆ ತಿಳಿದುದರಿಂದ, ಸೋಂಕಿತರ ಬಳಿ ಸುಳಿದವರನ್ನೆಲ್ಲ ಹುಡುಕಿ ಪ್ರತ್ಯೇಕವಾಗಿರಿಸಿ, ಹಬ್ಬುವ ಬೆಂಕಿಯನ್ನು ಕೆಲವೇ ವಾರಗಳಲ್ಲಿ ಆರಿಸಿದರು. ಗುರುತಿಸಿದ್ದೇ ಅರ್ಧ ಚಿಕಿತ್ಸೆಯಾಯಿತು.

ಕಣ್ಣಿಗೆ ಕಾಣದ ವೈರಾಣುವನ್ನು ಗುರುತಿಸುವುದಾದರೂ ಹೇಗೆ? ಇಲ್ಲಿ ಬೆಳಕಿನ ಶಾಸ್ತ್ರವು ಪ್ರವೇಶಿಸುತ್ತದೆ. ಉಡುಪಿಯಿಂದ ತೆಂಕಣಕ್ಕೆ ಕಾಪುವಿನ ಕಡಲತೀರದಲ್ಲಿ ಬಂಡೆಯ ಮೇಲೆ ನಿಂತಿರುವ, ಸುಮಾರು 27 ಮೀಟರು ಎತ್ತರದ ದೀಪಸ್ತಂಭವನ್ನು ತಾವು ನೋಡಿರಬಹುದು. ಅದನ್ನು ಕಟ್ಟಿದ್ದು 1901ರಲ್ಲಿ. ಅದಕ್ಕೆ ಸ್ವಲ್ಪ ಮುಂಚೆ, 1900ರ ಡಿಸೆಂಬರ್ 14ರಂದು, ಜರ್ಮನಿಯ ಬರ್ಲಿನ್ ನಗರದಲ್ಲಿ ಮ್ಯಾಕ್ಸ್ ಪ್ಲಾಂಕ್ ಎಂಬ ವಿದ್ವಾಂಸರು ಒಂದು ವಿಚಿತ್ರವಾದ ಸಿದ್ಧಾಂತವನ್ನು ಪಂಡಿತರ ಮುಂದಿಟ್ಟರು. ಕಾದ ವಸ್ತುವಿನಿಂದ ಹೊರಡುವ ತೇಜಸ್ಸಿನ ಲೆಕ್ಕವು ಸರಿಹೊಂದಬೇಕಾದರೆ, ಶಕ್ತಿಯು ಹೊಳೆಯ ನೀರಿನಂತೆ ಎಡೆಬಿಡದೆ ಹರಿಯುವುದೆಂದು ತಿಳಿಯದೆ, ಗೊತ್ತಾದ ಚಿಕ್ಕ ಚಿಕ್ಕ ಪಾಲುಗಳಲ್ಲಿಯೇ ಕೊಡಲ್ಪಡುವುದೆಂದು ತಿಳಿಯಬೇಕು ಎಂಬುದೇ ಆ ಸಿದ್ಧಾಂತ. ಅಂಗಡಿಯವನು ಬೆಲ್ಲವನ್ನು ಎಷ್ಟು ಚಿಕ್ಕದಾಗಿ ಬೇಕಾದರೂ ಒಡೆದು ಕೊಡಬಹುದು. ನಾಣ್ಯವನ್ನು ಒಡೆದು ಕೊಡಲಾರನು. ಶಕ್ತಿಯ ಈ ನಾಣ್ಯಕ್ಕೆ ಕ್ವಾಂಟಂ ಎಂದು ಹೆಸರು. ಬೆಳಕೇ ಇಂತಹ ಕಣಗಳಿಂದಾದುದೆಂದು ಐನ್‌ಸ್ಟೈನರು 1905ರಲ್ಲಿ ವಾದಿಸಿದರು. ಕೆಂಪು ಬೆಳಕಿನ ಕಣಕ್ಕಿಂತ ನೇರಳೆ ಬೆಳಕಿನ ಕಣವು ಬೆಲೆಯುಳ್ಳ ನಾಣ್ಯ. ಅದರಲ್ಲಿ ಶಕ್ತಿ ಹೆಚ್ಚು. 1925ರಲ್ಲಿ ಹೈಸನ್‌ಬರ್ಗ್ ಮೊದಲಾದವರು ಇದೆಲ್ಲಕ್ಕೆ ಗಣಿತದ ಭದ್ರವಾದ ತಳಹದಿಯನ್ನು ಹಾಕಿದರು. ಆ ಕಾರ್ಯಕ್ಕೆ ನೂರು ವರ್ಷ ತುಂಬಿತೆಂದು ವಿಶ್ವಸಂಸ್ಥೆಯು 2025ನ್ನು ಕ್ವಾಂಟಂ ವಿಜ್ಞಾನದ ವರ್ಷವಾಗಿ ಆಚರಿಸಿತು.

ನಮ್ಮ ದೇಶದವರು ಇದರಲ್ಲಿ ಹಿಂದುಳಿಯಲಿಲ್ಲ. 1921ರಲ್ಲಿ ಹಡಗಿನಲ್ಲಿ ಸ್ವದೇಶಕ್ಕೆ ಹಿಂದಿರುಗುತ್ತಿದ್ದಾಗ ಚಂದ್ರಶೇಖರ ವೆಂಕಟರಾಮನ್ನರು ಕಡಲು ಏಕೆ ನೀಲಿಯೆಂದು ಚಿಂತಿಸಿದರು. ಆಕಾಶದ ಬಣ್ಣವು ನೀರಿನಲ್ಲಿ ಪ್ರತಿಬಿಂಬಿಸುವುದರಿಂದ ಮಾತ್ರವೆಂಬ ಅಂದಿನ ವಿವರಣೆಯು ಅವರಿಗೆ ಒಪ್ಪಿಗೆಯಾಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚೆದರಿಸುತ್ತವೆಂದು ತೋರಿಸಿಕೊಟ್ಟರು. ಅದೇ ಜಾಡನ್ನು ಹಿಡಿದು ಹೋಗಿ, 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ, ಚೆದರಿದ ಬೆಳಕಿನಲ್ಲಿ ಅತ್ಯಲ್ಪ ಭಾಗವು ಬಣ್ಣವನ್ನೇ ಬದಲಿಸಿಕೊಂಡು ಬರುವುದೆಂದು ಕಂಡರು. ಸ್ಥೂಲವಾಗಿ ಹೇಳುವುದಾದರೆ, ಚೆದರಿದ ಕೋಟಿ ಕಣಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಆ ಒಂದು ಕಣವು ಅಣುವಿನೊಡನೆ ಶಕ್ತಿಯ ಕೊಡುಕೊಳ್ಳುವಿಕೆಯನ್ನು ನಡೆಸಿ ಬಂದುದರಿಂದ, ಅದು ಯಾವ ಅಣುವೆಂಬ ಗುರುತನ್ನು ಹೊತ್ತು ತರುತ್ತದೆ. 1930ರಲ್ಲಿ ರಾಮನ್ನರಿಗೆ ನೊಬೆಲ್ ಬಹುಮಾನವು ಸಂದಿತು. 1933ರಲ್ಲಿ ಬೆಂಗಳೂರಿಗೆ ಬಂದ ಅವರು ಕೊನೆಯವರೆಗೂ ನಮ್ಮ ನಾಡಿನವರೇ ಆಗಿ ಉಳಿದರು. ಇಂದು ಮಣಿಪಾಲದ ಪರಮಾಣು ಮತ್ತು ಅಣು ಭೌತಶಾಸ್ತ್ರ ವಿಭಾಗದಲ್ಲಿ, ರಕ್ತದ ಒಂದೇ ಒಂದು ಕಣವನ್ನು ಲೇಸರ್ ಬೆಳಕಿನ ಇಕ್ಕುಳದಲ್ಲಿ ಹಿಡಿದು ನಿಲ್ಲಿಸಿ, ರಾಮನ್ ಪರಿಣಾಮದಿಂದ ಅದರ ಸ್ಥಿತಿಯನ್ನರಿಯುವ ಸಂಶೋಧನೆಗಳು ನಡೆದಿವೆ. ಕಡಲಿನ ಬಣ್ಣವನ್ನು ಕುರಿತ ಒಂದು ಪ್ರಶ್ನೆಯು ರಕ್ತಕಣದ ಪರೀಕ್ಷೆಯವರೆಗೆ ಬೆಳೆದ ಬಗೆಯಿದು.

ಮಂಗನ ಕಾಯಿಲೆಯನ್ನೂ ನಿಪಾವನ್ನೂ ಗುರುತಿಸುವ ಪರೀಕ್ಷೆಯಲ್ಲಿಯೂ ಬೆಳಕಿನ ಕಣದ ಕೆಲಸವಿದೆ. ಮಾದರಿಯಲ್ಲಿರುವ ವೈರಾಣುವಿನ ತಂತುವಿನಿಂದ ಪ್ರತಿಗಳನ್ನು ಮಾಡಿ, ಮತ್ತೆ ಮತ್ತೆ ಇಮ್ಮಡಿಸುತ್ತಾರೆ. ಒಂದೇ ಪ್ರತಿಯನ್ನು 30 ಸಲ ಇಮ್ಮಡಿಸಿದರೆ 100 ಕೋಟಿಗೂ ಮೀರುತ್ತದೆ. ಬೇಕಾದವರು ಮನೆಯಲ್ಲಿ ಕುಳಿತು ಲೆಕ್ಕ ಹಾಕಬಹುದು. ಪ್ರತಿಗಳು ಹೆಚ್ಚಿದಂತೆಲ್ಲ ಅವುಗಳಿಗೆ ಸಂಬಂಧಿಸಿದ ಒಂದು ಬಣ್ಣದ ದ್ರವ್ಯವು ಹೊಳೆಯತೊಡಗುತ್ತದೆ. ಆ ಹೊಳಪು ಎಲ್ಲಿಂದ ಬಂದಿತು? ದ್ರವ್ಯದ ಅಣುವು ಹೆಚ್ಚು ಶಕ್ತಿಯ ಒಂದು ಬೆಳಕಿನ ಕಣವನ್ನು ನುಂಗಿ, ಸ್ವಲ್ಪವನ್ನು ತನ್ನಲ್ಲಿಟ್ಟುಕೊಂಡು, ಕಡಿಮೆ ಶಕ್ತಿಯ ಬೇರೆ ಬಣ್ಣದ ಕಣವನ್ನು ಹೊರಗೆಡಹುತ್ತದೆ. ಯಂತ್ರದ ಕಣ್ಣು ಅದನ್ನು ಕಾಣುತ್ತದೆ. ಕಾಪುವಿನ ದೀಪವು ಕತ್ತಲಲ್ಲಿ ಬಂಡೆಯ ಇರವನ್ನು ನಾವಿಕನಿಗೆ ತಿಳಿಸುವಂತೆ, ಈ ಮಿಣುಕು ಬೆಳಕು ರಕ್ತದಲ್ಲಡಗಿರುವ ಅಪಾಯವನ್ನು ವೈದ್ಯನಿಗೆ ತಿಳಿಸುತ್ತದೆ. ಪ್ಲಾಂಕರ ಗಣಿತವು ಹೀಗೆ ನಮ್ಮ ಕೂಲಿಕಾರನ ಪ್ರಾಣರಕ್ಷಣೆಗೆ ಬಂದಿದೆ.

ಇಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಕ್ವಾಂಟಂ ಎಂಬ ಶಬ್ದವು ಕಿವಿಗೆ ಗಂಭೀರವಾಗಿ ಕೇಳುವುದರಿಂದ, ಅದನ್ನು ಸೀಸೆಗೆ ಅಂಟಿಸಿ ಮದ್ದು ಮಾರುವವರು ಹೊರಟಿದ್ದಾರೆ. ಇನ್ನು ಕೆಲವು ಭಕ್ತರು ಸದ್ಭಾವನೆಯಿಂದಲೇ, ಇದೆಲ್ಲವನ್ನೂ ನಮ್ಮ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಹೇಳಿಬಿಟ್ಟಿರುವರೆಂದು ವಾದಿಸುತ್ತಾರೆ. ನನ್ನ ವಿನಮ್ರವಾದ ಅಭಿಪ್ರಾಯದಲ್ಲಿ ಶರಣರ ಗೌರವಕ್ಕೆ ಈ ಎರವಲಿನ ಒಡವೆ ಬೇಕಾಗಿಲ್ಲ. ಅವರು ಶೋಧಿಸಿದ್ದು ಅಂತರಂಗವನ್ನು. ಪ್ಲಾಂಕ್ ರಾಮನ್ನರು ಶೋಧಿಸಿದ್ದು ಬಹಿರಂಗವನ್ನು. ಆದರೆ ಒಂದು ವಿಷಯದಲ್ಲಿ ಇಬ್ಬರೂ ಒಂದೇ ಪಂಕ್ತಿಯವರು. ಕಿವಿಮಾತನ್ನು ನಂಬದೆ, ಅನುಭವದ ಒರೆಗೆ ಹಚ್ಚಿ, ನಿಂತುದನ್ನು ಮಾತ್ರ ಒಪ್ಪಿಕೊಂಡವರು. ಅನುಭವಮಂಟಪದಲ್ಲಿ ಪ್ರಶ್ನೆ ಕೇಳುವುದು ಅವಿನಯವೆನಿಸಲಿಲ್ಲ. ನಾವು ಅವರಿಂದ ಕಲಿಯಬೇಕಾದುದು ಆ ಧೈರ್ಯವನ್ನು.

ಇನ್ನು ಮೂರನೆಯದು, ದೇಹದ ರಕ್ಷೆ. ಇದರ ಆರಂಭವು ಮತ್ತೆ ಉಣಿಸಿನಲ್ಲಿಯೇ ಇದೆ ಎಂಬುದು ಆಶ್ಚರ್ಯಕರವಾದ ಸಂಗತಿ. ರಷ್ಯದ ಮೆಚ್ನಿಕಾಫ್ ಎಂಬವರು ವೈದ್ಯರಲ್ಲ, ಪ್ರಾಣಿಶಾಸ್ತ್ರಜ್ಞರು; ಕೆಳದರ್ಜೆಯ ಜೀವಿಗಳು ಆಹಾರವನ್ನು ಹೇಗೆ ಜೀರ್ಣಿಸಿಕೊಳ್ಳುತ್ತವೆ ಎಂಬುದನ್ನು ಅಭ್ಯಾಸ ಮಾಡುತ್ತಿದ್ದವರು. 1882ರಲ್ಲಿ ಇಟಲಿಯ ಮೆಸ್ಸಿನಾ ನಗರದಲ್ಲಿ ಅವರು ನಕ್ಷತ್ರಮೀನಿನ ಪಾರದರ್ಶಕವಾದ ಮರಿಯ ಮೈಯಲ್ಲಿ ಗುಲಾಬಿಯ ಮುಳ್ಳನ್ನು ಚುಚ್ಚಿಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಮರಿಯ ಸಂಚಾರಿ ಕಣಗಳು ಮುಳ್ಳಿನ ಸುತ್ತಲೂ ಮುತ್ತಿಗೆ ಹಾಕಿದ್ದವು. ಆಹಾರವನ್ನು ನುಂಗುವ ಹಳೆಯ ವೃತ್ತಿಯೇ ಶತ್ರುವನ್ನು ನುಂಗುವ ವೃತ್ತಿಯಾಗಿ ಪರಿಣಮಿಸಿದೆ ಎಂದು ಅವರು ಊಹಿಸಿದರು, ಅದು ನಿಜವಾಯಿತು. ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಕೆಲವು ಇಂದಿಗೂ ರೋಗಾಣುಗಳನ್ನು ತಿಂದು ನಮ್ಮನ್ನು ಕಾಯುತ್ತಿವೆ. 1908ರಲ್ಲಿ ಅವರಿಗೂ ಜರ್ಮನಿಯ ಏರ್ಲಿಕ್ ಅವರಿಗೂ ನೊಬೆಲ್ ಬಹುಮಾನವು ಒಟ್ಟಿಗೆ ಬಂದಿತು.

ಈ ತಿನ್ನುವ ಕಾವಲುಗಾರರ ಹಿಂದೆ ಇನ್ನೊಂದು ದಳವಿದೆ. ಅದರ ವಿಶೇಷವೇನೆಂದರೆ ನೆನಪು. ಒಮ್ಮೆ ಬಂದ ಶತ್ರುವಿನ ಮುಖವನ್ನು ಅದು ಮರೆಯದು. ಎರಡನೆಯ ಸಲ ಬಂದೊಡನೆ ತಕ್ಕ ಆಯುಧದೊಡನೆ ಎದುರಿಸುತ್ತದೆ. ಲಸಿಕೆಯೆಂದರೆ ಶತ್ರುವಿನ ಚಿತ್ರವನ್ನು ಮೊದಲೇ ತೋರಿಸಿಡುವ ಉಪಾಯ. ತಾಯಿಯು ಹೆತ್ತ ಮೊದಲ ದಿನಗಳಲ್ಲಿ ಬರುವ ಗಟ್ಟಿಯಾದ ಹಳದಿ ಹಾಲಿನಲ್ಲಿ ಆಕೆಯ ಈ ಆಯುಧಗಳು ಧಾರಾಳವಾಗಿರುತ್ತವೆ. ಆ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ಪದ್ಧತಿ ಎಲ್ಲಿಯಾದರೂ ಉಳಿದಿದ್ದರೆ, ತಾಯಂದಿರು ದಯವಿಟ್ಟು ಅದನ್ನು ಬಿಡಬೇಕು. ಮಗುವಿನ ಮೊದಲ ಊಟವೇ ಮಗುವಿನ ಮೊದಲ ಕವಚ.

ಆದರೆ ರಕ್ಷೆಯೆಂದರೆ ಹೊಡೆದಾಟ ಮಾತ್ರವಲ್ಲ. ದಿನಕ್ಕೆ ಎರಡು ಮೂರು ಸಲ ನಾವು ಅನ್ನ, ಬೇಳೆ, ಹಾಲು, ಹಣ್ಣುಗಳೆಂಬ ಪರವಸ್ತುಗಳನ್ನು ಒಳಗೆ ಬರಮಾಡಿಕೊಳ್ಳುತ್ತೇವೆ. ಕರುಳಿನ ಸುತ್ತಲೂ ರಕ್ಷಕಕಣಗಳ ದೊಡ್ಡ ಪಾಳೆಯವೇ ಇದೆ. ಆದರೂ ಅವು ಅನ್ನದ ಮೇಲೆ ಬೀಳುವುದಿಲ್ಲ. ಇದು ಶತ್ರುವಲ್ಲ, ಅತಿಥಿ ಎಂದು ಅರಿತು ಸುಮ್ಮನಿರುತ್ತವೆ. ಎದೆಗೂಡಿನಲ್ಲಿ ಹೃದಯದ ಮೇಲ್ಗಡೆ ಥೈಮಸ್ ಎಂಬ ಗ್ರಂಥಿಯುಂಟು. ಅಲ್ಲಿ ಕಣಗಳಿಗೆ ಪರೀಕ್ಷೆ ನಡೆದು, ತನ್ನ ಮೈಯನ್ನೇ ಹಗೆಯೆಂದು ತಿಳಿಯುವ ಕಣಗಳಲ್ಲಿ ಹೆಚ್ಚಿನವು ಅಲ್ಲಿಯೇ ನಾಶವಾಗುತ್ತವೆ. ತಪ್ಪಿಸಿಕೊಂಡವುಗಳನ್ನು ಹದ್ದುಬಸ್ತಿನಲ್ಲಿಡಲು ನಿಯಂತ್ರಕ ಕಣಗಳೆಂಬ ಬೇರೊಂದು ವರ್ಗವಿದೆ. ಇದನ್ನು ಶೋಧಿಸಿದ ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್, ಶಿಮೊನ್ ಸಕಗುಚಿ ಎಂಬ ಮೂವರಿಗೆ 2025ರ ವೈದ್ಯಶಾಸ್ತ್ರದ ನೊಬೆಲ್ ಬಹುಮಾನವು ಸಂದಿದೆ. ಈ ಸಂಯಮವು ತಪ್ಪಿದರೆ ದೇಹವು ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. 2020ರ ಮಹಾಮಾರಿಯಲ್ಲಿ ಎಷ್ಟೋ ರೋಗಿಗಳಿಗೆ ವೈರಾಣುವಿಗಿಂತ ತಮ್ಮ ದೇಹದ ಉಗ್ರವಾದ ಪ್ರತಿಕ್ರಿಯೆಯೇ ಮುಳುವಾಯಿತು. ಬಾವಲಿಯು ನಿಪಾವನ್ನು ಹೊತ್ತೂ ಕಾಯಿಲೆ ಬೀಳದಿರುವುದಕ್ಕೆ ಅದರ ರಕ್ಷಣೆಯಲ್ಲಿರುವ ಇಂತಹ ಸಂಯಮವೂ ಒಂದು ಕಾರಣವೆಂದು ಸಂಶೋಧಕರು ಹೇಳುತ್ತಾರೆ. ಶೌರ್ಯದಷ್ಟೇ ತಾಳ್ಮೆಯೂ ಪ್ರಾಣವನ್ನು ಕಾಯುತ್ತದೆ. ಯಾವುದನ್ನು ಎದುರಿಸಬೇಕು, ಯಾವುದನ್ನು ಉಪಚರಿಸಬೇಕು ಎಂಬ ವಿವೇಕದಲ್ಲಿಯೇ ಆರೋಗ್ಯವು ನಿಂತಿದೆ.

ಕಾಪುವಿನಲ್ಲಿ ದೀಪಸ್ತಂಭವಿರುವಂತೆ ಪ್ರಸಿದ್ಧವಾದ ಮಾರಿಗುಡಿಗಳೂ ಇವೆ. ಕೆಳದಿಯ ಸೈನ್ಯದವರೊಡನೆ ಆ ಆರಾಧನೆಯು ಅಲ್ಲಿಗೆ ಬಂದಿತೆಂದು ಸ್ಥಳದ ಐತಿಹ್ಯ. ಸಿಡುಬು ಊರೂರನ್ನೇ ಬರಿದು ಮಾಡುತ್ತಿದ್ದ ಕಾಲದಲ್ಲಿ, ಕಾರಣವನ್ನರಿಯದ ಜನರು ತಮ್ಮ ಭಯವನ್ನು ತಾಯಿಯ ಮಡಿಲಲ್ಲಿಟ್ಟು ಧೈರ್ಯವನ್ನು ಪಡೆದರು. ಅದನ್ನು ನಗುವ ಅಧಿಕಾರವು ನಮಗಿಲ್ಲ. ಆದರೆ 1796ರಲ್ಲಿ ಇಂಗ್ಲೆಂಡಿನ ಜೆನ್ನರರು ತೋರಿಸಿಕೊಟ್ಟ ಲಸಿಕೆಯು ಮನೆಮನೆಯನ್ನೂ ಮುಟ್ಟಿದುದರಿಂದ, 1975ರ ಹೊತ್ತಿಗೆ ನಮ್ಮ ದೇಶದಿಂದಲೂ, 1980ರ ಘೋಷಣೆಯಂತೆ ಭೂಮಿಯಿಂದಲೇ ಸಿಡುಬು ತೊಲಗಿತು ಎಂಬುದನ್ನೂ ಮರೆಯಬಾರದು. ಭಕ್ತಿಯು ಧೈರ್ಯವನ್ನು ಕೊಟ್ಟಿತು. ಅರಿವು ರೋಗವನ್ನು ಕಳೆಯಿತು. ಎರಡಕ್ಕೂ ಜಗಳವಿಲ್ಲ, ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಹೊರಟಾಗ ಮಾತ್ರ ಕೇಡು.

ಈಗ ನಮ್ಮ ಕರ್ತವ್ಯದ ಮಾತು. ಮಂಗನ ಕಾಯಿಲೆಗೆ 1990ರಿಂದ ಕೊಡುತ್ತಿದ್ದ ಹಳೆಯ ಲಸಿಕೆಯ ರಕ್ಷೆಯು ಸಾಲದೆಂದು ಕಂಡುಬಂದು ಅದರ ಬಳಕೆಯು ನಿಂತಿದೆ. ಹೊಸ ಲಸಿಕೆಯನ್ನು ಸಿದ್ಧಪಡಿಸುವ ಪ್ರಯತ್ನವು ನಡೆದಿದೆ. ಅದು ಕೈಗೆ ಬರುವವರೆಗೆ ಎಚ್ಚರವೇ ಲಸಿಕೆ. ಪ್ರತಿವರ್ಷವೂ ಕಾಡಂಚಿನ ಬಡವರೇ ಇದಕ್ಕೆ ಬಲಿಯಾಗುತ್ತಿರುವರು. ಅವರಲ್ಲಿ ಈ ಮಠದ ಶಿಷ್ಯರೂ ಇದ್ದಾರೆ. ನಮ್ಮ ತೋಟಗಳಿಗೆ ತರಗೆಲೆಯನ್ನು ಹೊತ್ತು ತರುವವರು ಅವರೇ. ಆದುದರಿಂದ ತಮ್ಮಲ್ಲಿ ನಾಲ್ಕು ಬಿನ್ನಹಗಳನ್ನು ಮಾಡಿಕೊಳ್ಳುವೆನು.

ಕಾಡಿನಲ್ಲಿ ಸತ್ತ ಮಂಗವನ್ನು ಕಂಡರೆ ಮುಟ್ಟದೆ, ಸಂಸ್ಕಾರದ ಅವಸರದಲ್ಲಿ ಹೊತ್ತು ತರದೆ, ಆ ಕ್ಷಣವೇ ಆರೋಗ್ಯ ಇಲಾಖೆಯವರಿಗೆ ತಿಳಿಸಬೇಕು. ಮಂಗನಲ್ಲಿ ಭಕ್ತಿಯುಳ್ಳವರು ಅದಕ್ಕೆ ಸಲ್ಲಿಸಬಹುದಾದ ಕೊನೆಯ ಸೇವೆಯೆಂದರೆ ಅದರ ಮರಣದಿಂದ ಇನ್ನೊಂದು ಜೀವವು ಹೋಗದಂತೆ ನೋಡಿಕೊಳ್ಳುವುದೇ. ಇದು ಮೊದಲನೆಯದು. ಕೂಲಿಯವರನ್ನು ಕಾಡಿಗೆ ಕಳುಹುವ ಯಜಮಾನರು ಅವರಿಗೆ ಮೈಮುಚ್ಚುವ ಬಟ್ಟೆಯನ್ನೂ ಉಣ್ಣಿ ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆಯನ್ನೂ ಒದಗಿಸಿ, ಹಿಂದಿರುಗಿದ ಮೇಲೆ ಬಿಸಿನೀರಿನ ಸ್ನಾನಕ್ಕೆ ಅನುಕೂಲ ಮಾಡಿಕೊಡಬೇಕು. ಇದು ಎರಡನೆಯದು. ಚಳಿಗಾಲದಿಂದ ಮಳೆ ಹಿಡಿಯುವ ತನಕ, ಕಾಡಿಗೆ ಹೋದವರಿಗೆ ತಟ್ಟನೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಒಂದು ದಿನವನ್ನೂ ಕಳೆಯದೆ ರಕ್ತಪರೀಕ್ಷೆಗೆ ಕಳುಹಬೇಕು. ಇದು ಮೂರನೆಯದು. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದು. ಆದರೆ ಹೆದರಿ ಬಾವಲಿಗಳನ್ನು ಕೊಲ್ಲಲೂ ಬಾರದು. ಕಾಡನ್ನು ಬಿತ್ತುವ ಪ್ರಾಣಿಯನ್ನು ಕೊಂದು ನಾವು ಬದುಕುವೆವೆಂಬುದು ಭ್ರಾಂತಿ. ಇದು ನಾಲ್ಕನೆಯದು.

ದಾಸೋಹವು ಈ ಶ್ರೀಮಠದ ಪ್ರಾಣ. ಹಸಿದು ಬಂದವನ ಕುಲಗೋತ್ರಗಳನ್ನು ಕೇಳದೆ ಇಲ್ಲಿ ಎಲೆ ಹಾಕುತ್ತಾರೆ. ಆ ಪಂಕ್ತಿಯಲ್ಲಿ ಉಂಡೇಳುವ ಜನರಿಗೆ ಅನ್ನದೊಡನೆ ಈ ನಾಲ್ಕು ಮಾತುಗಳನ್ನೂ ಬಡಿಸಿದರೆ, ಅನ್ನದಾಸೋಹದ ಜೊತೆಗೆ ಅರಿವಿನ ದಾಸೋಹವೂ ನಡೆದಂತಾಗುತ್ತದೆ. ಚಳಿಗಾಲದ ಜಾತ್ರೆಯಲ್ಲಿ, ಮಠದ ಶಾಲೆಗಳಲ್ಲಿ, ಶಿಷ್ಯರ ಮನೆಗಳಿಗೆ ಬಿಜಯಮಾಡಿಸುವಾಗ ಶ್ರೀಗಳವರ ಬಾಯಿಂದ ಒಂದು ಮಾತು ಬಂದರೆ, ಅದು ಸರಕಾರದ ನೂರು ಪ್ರಕಟಣೆಗಳಿಗಿಂತ ಆಳವಾಗಿ ಜನರ ಮನಸ್ಸಿನಲ್ಲಿ ಇಳಿಯುವುದು. ವಿಜ್ಞಾನಿಗಳು ತಮ್ಮ ಕಾಯಕವನ್ನು ಮಾಡಿದ್ದಾರೆ. ಮಣಿಪಾಲದಲ್ಲಿ ಕಂಡ ಬೆಳಕು ಕಾಡಂಚಿನ ಗುಡಿಸಲನ್ನು ಮುಟ್ಟುವಂತೆ ಮಾಡುವ ಕಾಯಕವು ನಮ್ಮದು.